ಎಲ್‌ಕ್ಯೂ 15 ಬಂದರೆ ಅದನ್ನು ವಿಶೇಷ ಪರಿಣತಿ ಎನ್ನಬಹುದೇ?

ಅಂಕಿಗಣ್ಣು

ಎಲ್ಲರಿಗೂ ನಮಸ್ಕಾರ. ಜಿಲ್ಲಾವಾರು, ಉದ್ಯಮವಾರು ಉದ್ಯೋಗದ ಅಂಕಿಅಂಶ ನನ್ನ ಕೈಯಲ್ಲಿದೆ. ಯಾವ ಜಿಲ್ಲೆ ಯಾವ ಉದ್ಯಮದಲ್ಲಿ ಮುಂದಿದೆ ಅಂತ ಒಂದು ರ‍್ಯಾಂಕ್ ಪಟ್ಟಿ ಮಾಡಿಕೊಡಿ ಎಂದು ಕಚೇರಿಯಲ್ಲಿ ಕೇಳಿದ್ದಾರೆ. ಲೊಕೇಶನ್ ಕೋಶೆಂಟ್ (ಎಲ್‌ಕ್ಯೂ, ಅಂದರೆ ಜಿಲ್ಲೆಯಲ್ಲಿ ಒಂದು ಉದ್ಯಮದ ಪಾಲನ್ನು ದೇಶದಲ್ಲಿ ಅದರ ಪಾಲಿನಿಂದ ಭಾಗಿಸಿದ್ದು) ಲೆಕ್ಕ ಹಾಕಿ, ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದೆ. ಬಂದ ಪಟ್ಟಿ ನೋಡಿ ತಲೆ ಕೆರೆದುಕೊಳ್ಳುವಂತಾಗಿದೆ.

ಗುರುತು ಸಿಗಬಾರದೆಂದು ಸಂಖ್ಯೆಗಳನ್ನು ಬದಲಿಸಿ, ದುಂಡಗೆ ಮಾಡಿ ಕೊಡುತ್ತಿದ್ದೇನೆ. ದೇಶದಲ್ಲಿ ಒಟ್ಟು 4 ಕೋಟಿ ಉದ್ಯೋಗ ಅಂತಿಟ್ಟುಕೊಳ್ಳಿ.

ಜಿಲ್ಲೆ ಅ: ಒಟ್ಟು ಉದ್ಯೋಗ 4,000. ವಾದ್ಯ ತಯಾರಿಕೆಯಲ್ಲಿ 6 ಜನ. ದೇಶದಲ್ಲಿ ಈ ಉದ್ಯಮದ ಪಾಲು ಶೇ. 0.01. ಎಲ್‌ಕ್ಯೂ 15.

ಜಿಲ್ಲೆ ಆ: ಒಟ್ಟು 2 ಲಕ್ಷ. ಜವಳಿಯಲ್ಲಿ 12,000, ಅಂದರೆ ಶೇ. 6. ದೇಶದಲ್ಲಿ ಜವಳಿಯ ಪಾಲು ಶೇ. 2. ಎಲ್‌ಕ್ಯೂ 3.

ಜಿಲ್ಲೆ ಇ: ಒಟ್ಟು 1 ಕೋಟಿ, ದೇಶದ ಕಾಲು ಭಾಗ. ಹಣಕಾಸು ಸೇವೆಯಲ್ಲಿ 7.2 ಲಕ್ಷ. ದೇಶದಲ್ಲಿ ಆ ಉದ್ಯಮದಲ್ಲಿರುವವರು 12 ಲಕ್ಷ, ಅಂದರೆ ಶೇ. 3. ಎಲ್‌ಕ್ಯೂ 2.4.

ಆರು ಜನರ ಜಿಲ್ಲೆ ಮೊದಲ ಸ್ಥಾನದಲ್ಲಿದೆ. ಇಡೀ ದೇಶದ ಹಣಕಾಸು ಉದ್ಯೋಗದಲ್ಲಿ ಶೇ. 60ರಷ್ಟನ್ನು ಹಿಡಿದಿಟ್ಟುಕೊಂಡ ಜಿಲ್ಲೆ ಎಲ್ಲೋ ಕೆಳಗೆ ಬಿದ್ದಿದೆ. ವಿಶೇಷ ಪರಿಣತಿ ಅನ್ನಲು ಕೆಲವು ವರದಿಗಳು 1ರ ಮೇಲಿದ್ದರೆ ಸಾಕು ಅನ್ನುತ್ತವೆ, ಕೆಲವು 1.25 ಅನ್ನುತ್ತವೆ, ಇನ್ನು ಕೆಲವು 2. ಯಾವ ಗೆರೆ ಎಳೆಯಲಿ?

ನಕ್ಷೆಗಾರ

ಗೆರೆ ಎಲ್ಲಿ ಎಳೆದರೂ ನಿಮ್ಮ ತೊಂದರೆ ಹೋಗುವುದಿಲ್ಲ. ಗೆರೆ 2 ಅಂತಿಟ್ಟರೂ ಆರು ಜನ ಒಳಗೇ ಇರುತ್ತಾರೆ.

ಓದುತ್ತಿರುವ ಹೊಸಬರಿಗಾಗಿ ಎರಡು ಮಾತು. ಜಿಲ್ಲೆಯ ಉದ್ಯೋಗದಲ್ಲಿ ಒಂದು ಉದ್ಯಮದ ಪಾಲೆಷ್ಟು ನೋಡಿ. ದೇಶದ ಉದ್ಯೋಗದಲ್ಲಿ ಅದೇ ಉದ್ಯಮದ ಪಾಲೆಷ್ಟು ನೋಡಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಎಲ್‌ಕ್ಯೂ. 1 ಬಂದರೆ ಜಿಲ್ಲೆ ದೇಶದ ಸರಾಸರಿಯಂತೆಯೇ ಇದೆ. ಅದಕ್ಕಿಂತ ಮೇಲಿದ್ದರೆ ಆ ಉದ್ಯಮ ಅಲ್ಲಿ ದಟ್ಟವಾಗಿದೆ. ಇಷ್ಟೇ. 1 ಎಂಬ ಗೆರೆಗೆ ಒಂದು ಅರ್ಥವಿದೆ, ಏಕೆಂದರೆ ಅದು ಸರಾಸರಿ. 1.25, 2 ಇವೆಲ್ಲ ರೂಢಿಯಿಂದ ಬಂದವು. ಸಣ್ಣಪುಟ್ಟ ಏರಿಳಿತವನ್ನೇ ಪರಿಣತಿ ಅಂತ ಕರೆಯಬಾರದು ಎಂಬ ಎಚ್ಚರಿಕೆಗೆ ಇಟ್ಟುಕೊಂಡವು. ಅವುಗಳ ಹಿಂದೆ ಯಾವ ಸಿದ್ಧಾಂತವೂ ಇಲ್ಲ.

ಈಗ ನಿಮ್ಮ ಜಿಲ್ಲೆ ಇ ವಿಚಾರ. ಎಲ್‌ಕ್ಯೂಗೆ ಒಂದು ಚಾವಣಿ ಇದೆ, ಬಹಳ ಜನ ಅದನ್ನು ಗಮನಿಸುವುದೇ ಇಲ್ಲ. ಒಂದು ಉದ್ಯಮದ ದೇಶದ ಅಷ್ಟೂ ಉದ್ಯೋಗ ಒಂದೇ ಜಿಲ್ಲೆಯಲ್ಲಿದೆ ಅಂದುಕೊಳ್ಳಿ. ಆಗ ಎಲ್‌ಕ್ಯೂ ಎಷ್ಟು? ದೇಶದ ಒಟ್ಟು ಉದ್ಯೋಗವನ್ನು ಜಿಲ್ಲೆಯ ಒಟ್ಟು ಉದ್ಯೋಗದಿಂದ ಭಾಗಿಸಿದಷ್ಟು. ಜಿಲ್ಲೆ ಇ ದೇಶದ ಕಾಲು ಭಾಗ, ಹಾಗಾಗಿ ಅದರ ಚಾವಣಿ 4. ಏನೇ ಮಾಡಿದರೂ ಅದಕ್ಕಿಂತ ಮೇಲೆ ಹೋಗಲಾರದು. ಜಿಲ್ಲೆ ಆ: ಚಾವಣಿ 200. ಜಿಲ್ಲೆ ಅ: ಚಾವಣಿ 10,000. ಈ ಮೂರನ್ನು ಒಂದೇ ಪಟ್ಟಿಯಲ್ಲಿ ಮೇಲೆ ಕೆಳಗೆ ಜೋಡಿಸಿದ್ದೇ ಎಡವಟ್ಟಿನ ಮೂಲ. 4ರಲ್ಲಿ 2.4 ಅಂದರೆ ಸಣ್ಣ ಸಂಗತಿಯಲ್ಲ.

ದಶಮಾಂಶ

ಚಾವಣಿ ಮಾತು ಸರಿ. ಇನ್ನೊಂದು ದಾರಿಯೂ ಇದೆ. ಜಿಲ್ಲೆಯನ್ನು ದೇಶದೊಂದಿಗೆ ಹೋಲಿಸುವ ಬದಲು, ಆ ಜಿಲ್ಲೆಯನ್ನು ಬಿಟ್ಟು ಉಳಿದ ದೇಶದೊಂದಿಗೆ ಹೋಲಿಸಿ. ಜಿಲ್ಲೆ ಇ ದೇಶದ ಸರಾಸರಿಯೊಳಗೇ ಕೂತು ಆ ಸರಾಸರಿಯನ್ನು ತನ್ನ ಕಡೆಗೆ ಎಳೆಯುತ್ತಿದೆ. ಅದನ್ನು ಹೊರಗಿಟ್ಟರೆ: ಜಿಲ್ಲೆಯಲ್ಲಿ ಶೇ. 7.2, ಉಳಿದ 3 ಕೋಟಿಯಲ್ಲಿ 4.8 ಲಕ್ಷ, ಅಂದರೆ ಶೇ. 1.6. ಅನುಪಾತ 4.5. ಜಿಲ್ಲೆ ಆಗೆ ಹೀಗೆ ಮಾಡಿದರೆ 3 ಇದ್ದದ್ದು 3.03 ಆಗುತ್ತದೆ, ಅಷ್ಟೇ. ಚಿಕ್ಕ ಜಿಲ್ಲೆಗೆ ವ್ಯತ್ಯಾಸವೇ ಇಲ್ಲ, ದೊಡ್ಡದಕ್ಕೆ ಚಿತ್ರವೇ ಬೇರೆ.

ಅಂಕಿಗಣ್ಣು

ಇದು ಉಪಯೋಗಕ್ಕೆ ಬಂತು. ಆದರೆ ಆರು ಜನರ ಸಮಸ್ಯೆ ಹಾಗೇ ಇದೆಯಲ್ಲ?

ದಶಮಾಂಶ

ಅದಕ್ಕೆ ಎಲ್‌ಕ್ಯೂ ಪಕ್ಕದಲ್ಲಿ ಇನ್ನೊಂದು ಕಾಲಂ ಹಾಕಿ: ಇರುವ ಉದ್ಯೋಗದಿಂದ ಇರಬೇಕಾದ ಉದ್ಯೋಗವನ್ನು ಕಳೆಯಿರಿ. ಇರಬೇಕಾದದ್ದು ಅಂದರೆ ಜಿಲ್ಲೆಯ ಒಟ್ಟು ಉದ್ಯೋಗಕ್ಕೆ ದೇಶದ ಪಾಲನ್ನು ಗುಣಿಸಿದರೆ ಬರುವುದು.

ಜಿಲ್ಲೆ ಅ: 4,000ದಲ್ಲಿ ಶೇ. 0.01 ಅಂದರೆ 0.4 ಜನ. ಹೆಚ್ಚುವರಿ 5.6.
ಜಿಲ್ಲೆ ಆ: 2 ಲಕ್ಷದಲ್ಲಿ ಶೇ. 2 ಅಂದರೆ 4,000. ಹೆಚ್ಚುವರಿ 8,000.
ಜಿಲ್ಲೆ ಇ: 1 ಕೋಟಿಯಲ್ಲಿ ಶೇ. 3 ಅಂದರೆ 3 ಲಕ್ಷ. ಹೆಚ್ಚುವರಿ 4.2 ಲಕ್ಷ.

ಪಟ್ಟಿ ತಲೆಕೆಳಗಾಯಿತು ನೋಡಿ. ಇರಬೇಕಾದದ್ದು ಒಬ್ಬ ಮನುಷ್ಯನಿಗಿಂತ ತೀರಾ ಕಡಿಮೆ ಬಂದಲ್ಲೆಲ್ಲ ಎಲ್‌ಕ್ಯೂ ಸೊನ್ನೆ ಇರುತ್ತದೆ, ಇಲ್ಲವೇ ಭಯಂಕರ ದೊಡ್ಡದಾಗಿರುತ್ತದೆ. ನಡುವೆ ಏನೂ ಬರಲು ಸಾಧ್ಯವಿಲ್ಲ, ಅರ್ಧ ಮನುಷ್ಯ ಕೆಲಸಕ್ಕೆ ಬರುವುದಿಲ್ಲವಲ್ಲ.

ಹಳೇಪೆನ್ಸಿಲ್

ಆ ಹೆಚ್ಚುವರಿ ಉದ್ಯೋಗಕ್ಕೆ ಹಳೆಯ ಪುಸ್ತಕಗಳಲ್ಲಿ ಒಂದು ಹೆಸರಿದೆ: ಬೇಸಿಕ್ ಉದ್ಯೋಗ. ಜಿಲ್ಲೆ ತನಗೆ ಬೇಕಾದ್ದಕ್ಕಿಂತ ಹೆಚ್ಚು ಉತ್ಪಾದಿಸುತ್ತಿದೆ, ಹೆಚ್ಚಾದದ್ದು ಹೊರಗೆ ಹೋಗುತ್ತಿದೆ, ಆ ದುಡ್ಡು ಒಳಗೆ ಬಂದು ಉಳಿದವರನ್ನು ಸಾಕುತ್ತಿದೆ ಎನ್ನುವ ವಾದ. ಊರಿನ ಕೆಲಸಗಳನ್ನು ಹೊರಗಿನವರಿಗಾಗಿ, ಒಳಗಿನವರಿಗಾಗಿ ಅಂತ ಎರಡಾಗಿ ವಿಂಗಡಿಸುವ ಈ ಆಲೋಚನೆ 1928ರಲ್ಲಿ ರಾಬರ್ಟ್ ಹೇಗ್ ನ್ಯೂಯಾರ್ಕ್ ಪ್ರಾದೇಶಿಕ ಯೋಜನೆಗೆ ಮಾಡಿದ ಕೆಲಸದಲ್ಲೇ ಇದೆ. ಒಟ್ಟು ಉದ್ಯೋಗವನ್ನು ಬೇಸಿಕ್ ಉದ್ಯೋಗದಿಂದ ಭಾಗಿಸಿ, ಒಂದು ರಫ್ತು ಉದ್ಯೋಗ ಒಟ್ಟು ಎಷ್ಟು ಉದ್ಯೋಗಗಳಿಗೆ ಆಧಾರ ಅಂತ ಮಲ್ಟಿಪ್ಲೈಯರ್ ಹೇಳುವುದು ಇದರ ಮುಂದುವರಿಕೆ.

ಅಲ್ಲೇ ಮೋಸ ಹೋಗುವುದು. ಜಿಲ್ಲೆ ಆ ತಗೊಳ್ಳಿ. ಅಲ್ಲಿ ತಯಾರಿಕಾ ವಲಯದ ಒಟ್ಟು ಉದ್ಯೋಗ 20,000, ಶೇ. 10. ದೇಶದಲ್ಲೂ ತಯಾರಿಕೆ ಶೇ. 10 ಅಂತಿಟ್ಟುಕೊಳ್ಳೋಣ. ಎಲ್‌ಕ್ಯೂ ಸರಿಯಾಗಿ 1. ಬೇಸಿಕ್ ಉದ್ಯೋಗ ಸೊನ್ನೆ! ಅದೇ ತಯಾರಿಕೆಯನ್ನು ಜವಳಿ ಮತ್ತು ಉಳಿದದ್ದು ಅಂತ ಒಡೆಯಿರಿ. ಜವಳಿ ಎಲ್‌ಕ್ಯೂ 3, ಉಳಿದದ್ದು 0.5, ಬೇಸಿಕ್ 8,000. ಜನ ಬದಲಾಗಲಿಲ್ಲ, ಕಾರ್ಖಾನೆ ಬದಲಾಗಲಿಲ್ಲ. ವರ್ಗೀಕರಣ ದೊಡ್ಡ ವರ್ಗದಿಂದ ಸಣ್ಣ ವರ್ಗಕ್ಕೆ ಇಳಿದದ್ದಷ್ಟೇ. ಇದನ್ನೇ ನಂಬಿ ಮಲ್ಟಿಪ್ಲೈಯರ್ ತೆಗೆದರೆ 2 ಲಕ್ಷಕ್ಕೆ 8,000, ಅಂದರೆ 25. ಒಬ್ಬ ನೇಕಾರ 25 ಉದ್ಯೋಗಗಳನ್ನು ಹೊತ್ತಿದ್ದಾನೆ ಅಂತ ವರದಿಯಲ್ಲಿ ಬರೆಯುತ್ತೀರಾ? ಇನ್ನೂ ಸೂಕ್ಷ್ಮವಾಗಿ ಒಡೆದು ಬೇಸಿಕ್ 50,000 ಸಿಕ್ಕಿತು ಅನ್ನಿ, ಮಲ್ಟಿಪ್ಲೈಯರ್ 4ಕ್ಕೆ ಇಳಿಯಿತು. ಒಡೆದಷ್ಟೂ ಬೇಸಿಕ್ ಹೆಚ್ಚುತ್ತದೆ, ಮಲ್ಟಿಪ್ಲೈಯರ್ ಕರಗುತ್ತದೆ.

ಇದರ ಹಿಂದೆ ಇನ್ನೂ ಎರಡು ಊಹೆಗಳು ಅಡಗಿವೆ: ಎಲ್ಲ ಕಡೆ ಜನ ಒಂದೇ ಥರ ಬಳಸುತ್ತಾರೆ, ಎಲ್ಲ ಕಡೆ ಕೆಲಸಗಾರರ ಉತ್ಪಾದಕತೆ ಒಂದೇ. ಎರಡೂ ನಿಜವಲ್ಲ ಅಂತ ಎಲ್ಲರಿಗೂ ಗೊತ್ತು.

ಸುಮ್ನೆಓದುಗ

ಒಂದು ದಡ್ಡ ಪ್ರಶ್ನೆ. ಎಲ್‌ಕ್ಯೂ 1ಕ್ಕಿಂತ ಕಡಿಮೆ ಅಂದರೆ ಆ ಜಿಲ್ಲೆ ಆ ಸರಕನ್ನು ಹೊರಗೆ ಕಳಿಸುವುದಿಲ್ಲ ಅಂತಲೇ?

ಹಳೇಪೆನ್ಸಿಲ್

ದಡ್ಡ ಪ್ರಶ್ನೆ ಏನಲ್ಲ, ಇದು ಈ ವಿಧಾನದ ಮರ್ಮಕ್ಕೇ ತಾಕುತ್ತದೆ. ಸೂತ್ರದ ಪ್ರಕಾರ ಹಾಗೇ. ವಾಸ್ತವದಲ್ಲಿ ಒಂದೇ ಜಿಲ್ಲೆ ಹತ್ತಿ ಬಟ್ಟೆ ಹೊರಗೆ ಕಳಿಸಿ ಕೃತಕ ನೂಲಿನ ಬಟ್ಟೆ ಒಳಗೆ ತರಿಸಿಕೊಳ್ಳುತ್ತದೆ. ಎರಡೂ ಜವಳಿಯೇ. ಎಲ್‌ಕ್ಯೂ 0.8 ಇದ್ದರೂ ಅಲ್ಲಿನ ಅರ್ಧ ಮಾಲು ಹೊರಗೆ ಹೋಗುತ್ತಿರಬಹುದು. ಇದಕ್ಕೆ ಕ್ರಾಸ್ ಹಾಲಿಂಗ್ ಅನ್ನುತ್ತಾರೆ. ಎಲ್‌ಕ್ಯೂ ಆಧಾರದ ರಫ್ತು ಅಂದಾಜು ವಾಸ್ತವಕ್ಕಿಂತ ಕಡಿಮೆ ಬರಲು ಮುಖ್ಯ ಕಾರಣ ಇದೇ. ದೇಶದ ಇನ್‌ಪುಟ್-ಔಟ್‌ಪುಟ್ ಕೋಷ್ಟಕವನ್ನು (ಯಾವ ಉದ್ಯಮ ಯಾವುದರಿಂದ ಎಷ್ಟು ಕೊಳ್ಳುತ್ತದೆ ಎಂಬ ಪಟ್ಟಿ) ಜಿಲ್ಲೆಗೆ ಇಳಿಸುವವರಿಗೂ ಇದೇ ತಲೆನೋವು. ಪ್ರದೇಶದ ಗಾತ್ರವನ್ನೂ ಲೆಕ್ಕಕ್ಕೆ ತರಲು ಫ್ಲೆಗ್ ಮತ್ತು ಸಂಗಡಿಗರು 1995ರಲ್ಲಿ ಬೇರೆ ಸೂತ್ರ ಕೊಟ್ಟರು. ಅದು ಬೇರೆಯದೇ ಕಥೆ, ಬೇಕಾದರೆ ಇನ್ನೊಂದು ಎಳೆ ತೆರೆಯಿರಿ.

ರಫ್ತೇ ಪ್ರದೇಶದ ಬೆಳವಣಿಗೆಯ ಎಂಜಿನ್ ಅಂತ ಡಗ್ಲಸ್ ನಾರ್ತ್ 1955ರಲ್ಲಿ ವಾದಿಸಿದರು. ಮರುವರ್ಷ ಚಾರ್ಲ್ಸ್ ಟೀಬೂ ತಿರುಗೇಟು ಕೊಟ್ಟರು: ಪ್ರದೇಶವನ್ನು ದೊಡ್ಡದು ಮಾಡುತ್ತಾ ಹೋದಂತೆ ರಫ್ತಿನ ಪಾಲು ಕುಗ್ಗುತ್ತದೆ, ಇಡೀ ಪ್ರಪಂಚ ಯಾರಿಗೂ ರಫ್ತು ಮಾಡುವುದಿಲ್ಲ, ಆದರೂ ಬೆಳೆದಿದೆಯಲ್ಲ! ಆ ಸಾಲಿಗೆ ಒಪ್ಪುವಂಥ ಉತ್ತರ ಕೊಟ್ಟವರನ್ನು ನಾನಂತೂ ಕಂಡಿಲ್ಲ.

ಬಣ್ಣದಭೂಪಟ

ಸ್ವಲ್ಪ ಅತಿಯಾಯಿತು. ಎಲ್ಲ ಸೇರಿ ಎಲ್‌ಕ್ಯೂ ಕೈಗೆ ಕೋಳ ಹಾಕಿಬಿಟ್ಟಿರಿ. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆ ಕೌಂಟಿ ಮಟ್ಟದ ಉದ್ಯೋಗ ದತ್ತಾಂಶದ ಜೊತೆಗೇ ಎಲ್‌ಕ್ಯೂ ಕಾಲಂ ಕೊಡುತ್ತದೆ. ಅಂತರರಾಷ್ಟ್ರೀಯ ವ್ಯಾಪಾರದಲ್ಲಿ 1965ರಲ್ಲಿ ಬಲಾಸ್ಸಾ ಕೊಟ್ಟ ತೌಲನಿಕ ಅನುಕೂಲದ ಸೂಚ್ಯಂಕ ಇದೇ ಸೂತ್ರ, ಉದ್ಯೋಗದ ಜಾಗದಲ್ಲಿ ರಫ್ತು ಅಷ್ಟೇ. ಹಿಡಾಲ್ಗೊ ಮತ್ತು ಹೌಸ್‌ಮನ್ 2009ರಲ್ಲಿ ಆರ್ಥಿಕ ಸಂಕೀರ್ಣತೆ ಅಳೆಯಲು ಹೊರಟಾಗ ಇದರ ಮೇಲೆಯೇ ಕಟ್ಟಿದರು. ಪ್ರತಿ ಉದ್ಯಮಕ್ಕೂ ಸಮೀಕ್ಷೆ ಮಾಡಲು ಯಾರ ಹತ್ತಿರ ದುಡ್ಡಿದೆ? ನಾಲ್ಕು ಸಂಖ್ಯೆ ಸಾಕು, ಒಂದು ಮಧ್ಯಾಹ್ನದಲ್ಲಿ ಇಡೀ ದೇಶದ ನಕ್ಷೆ ಸಿದ್ಧ. ನಾನು ಎರಡು ವರ್ಷಗಳ ಎಲ್‌ಕ್ಯೂ ಪಕ್ಕಪಕ್ಕ ಇಟ್ಟು ಏರಿದ ಕಡೆ ಹಸಿರು, ಇಳಿದ ಕಡೆ ಕೆಂಪು ಬಳಿಯುತ್ತೇನೆ. ನೋಡಿದವರಿಗೆ ತಟ್ಟನೆ ಅರ್ಥವಾಗುತ್ತದೆ.

ದಶಮಾಂಶ

ಆ ಹಸಿರನ್ನು ನಾನು ನಂಬುವುದಿಲ್ಲ. ಜಿಲ್ಲೆ ಆದಲ್ಲಿ ಜವಳಿ ಶೇ. 6ರಿಂದ ಶೇ. 5ಕ್ಕೆ ಇಳಿಯಿತು, ಅಂದರೆ 2,000 ಜನ ಕೆಲಸ ಕಳೆದುಕೊಂಡರು. ಅದೇ ಹೊತ್ತಿಗೆ ದೇಶದಲ್ಲಿ ಜವಳಿ ಶೇ. 2ರಿಂದ ಶೇ. 1ಕ್ಕೆ ಕುಸಿಯಿತು ಅಂದುಕೊಳ್ಳಿ. ಎಲ್‌ಕ್ಯೂ 3 ಇದ್ದದ್ದು 5 ಆಯಿತು. ನಿಮ್ಮ ನಕ್ಷೆಯಲ್ಲಿ ಆ ಜಿಲ್ಲೆ ಗಾಢ ಹಸಿರು. ಮುಳುಗುತ್ತಿರುವ ಉದ್ಯಮದಲ್ಲಿ ಕೊನೆಗೆ ಉಳಿದವನಿಗೆ ಸಿಗುವ ಬಣ್ಣ ಅದು.

ಎಲ್‌ಕ್ಯೂ ಬದಲಾವಣೆ ತೋರಿಸಲೇಬೇಕಾದರೆ ಅದರ ಪಕ್ಕದಲ್ಲಿ ನಿಜವಾದ ಉದ್ಯೋಗದ ಏರಿಳಿತವನ್ನೂ ಇಡಿ. ಶಿಫ್ಟ್-ಶೇರ್ ಲೆಕ್ಕ ಮಾಡಿ ಆ ಏರಿಳಿತದಲ್ಲಿ ದೇಶದ ಪಾಲೆಷ್ಟು, ಉದ್ಯಮದ ಪಾಲೆಷ್ಟು, ಜಿಲ್ಲೆಯ ಸ್ವಂತದ್ದೆಷ್ಟು ಅಂತ ಬಿಡಿಸಿದರೆ ಇನ್ನೂ ಒಳ್ಳೆಯದು.

ಬಣ್ಣದ ಮಾಪಕಕ್ಕೂ ಒಂದು ಮಾತು. 0.5 ಮತ್ತು 2 ಸರಾಸರಿಯಿಂದ ಸಮಾನ ದೂರದಲ್ಲಿವೆ, ಒಂದು ಅರ್ಧ, ಒಂದು ದುಪ್ಪಟ್ಟು. ಆದರೆ ಸಾಮಾನ್ಯ ಮಾಪಕದಲ್ಲಿ 1ರ ಕೆಳಗೆ ಇರುವುದೆಲ್ಲ 0 ಮತ್ತು 1ರ ನಡುವೆ ಇಕ್ಕಟ್ಟಾಗಿ ಕೂರುತ್ತದೆ, ಮೇಲಿರುವುದು ಎಲ್ಲೆಲ್ಲೋ ಹರಡುತ್ತದೆ. ಲಾಗ್ ತೆಗೆದುಕೊಳ್ಳಿ. ಸೊನ್ನೆಗೆ ಲಾಗ್ ಇಲ್ಲವಾದ್ದರಿಂದ ಸೊನ್ನೆಗಳು ಕಾಡಿದರೆ ಎಲ್‌ಕ್ಯೂನಿಂದ 1 ಕಳೆದು, ಎಲ್‌ಕ್ಯೂಗೆ 1 ಕೂಡಿದ್ದರಿಂದ ಭಾಗಿಸಿ; ಎಲ್ಲವೂ ಮೈನಸ್ 1 ಮತ್ತು 1ರ ನಡುವೆ ಬರುತ್ತದೆ.

ಬಣ್ಣದಭೂಪಟ

ಲಾಗ್ ಒಪ್ಪಿದೆ. ಬದಲಾವಣೆಯ ನಕ್ಷೆ ಬಿಡುವುದಿಲ್ಲ, ಪಕ್ಕದಲ್ಲಿ ಉದ್ಯೋಗದ ನಕ್ಷೆ ಇಡುತ್ತೇನೆ. ಎರಡೂ ಹಸಿರಿದ್ದ ಕಡೆ ಮಾತ್ರ ಮಾತಾಡುವುದು. ಸರಿಯೇ?

ದಶಮಾಂಶ

ಸರಿ. ಒಂದು ಹಸಿರು ಒಂದು ಕೆಂಪು ಇದ್ದ ಕಡೆಯೇ ಹೆಚ್ಚು ಮಾತಾಡಬೇಕಾದ್ದು ಅಂತ ನನ್ನ ಅನಿಸಿಕೆ. ಇರಲಿ.

ಅಂಕಿಗಣ್ಣು, ನಿಮ್ಮ ಲೆಕ್ಕ ತಾಳೆ ನೋಡಲು ಒಂದು ಉಪಾಯ: ಒಂದು ಜಿಲ್ಲೆಯ ಎಲ್ಲ ಉದ್ಯಮಗಳ ಎಲ್‌ಕ್ಯೂಗಳನ್ನು ಆಯಾ ಉದ್ಯಮದ ದೇಶದ ಪಾಲಿನಿಂದ ಗುಣಿಸಿ ಕೂಡಿದರೆ 1 ಬರಲೇಬೇಕು. ಬರದಿದ್ದರೆ ಎಲ್ಲೋ ಒಂದು ಉದ್ಯಮ ಬಿಟ್ಟುಹೋಗಿದೆ. ಹಾಗೆಯೇ, ನಮ್ಮ ಜಿಲ್ಲೆ ಎಲ್ಲ ಕ್ಷೇತ್ರಗಳಲ್ಲೂ ಸರಾಸರಿಗಿಂತ ಮುಂದು ಅಂತ ಯಾರಾದರೂ ಎಲ್‌ಕ್ಯೂ ತೋರಿಸಿ ಹೇಳಿದರೆ ನಗಬಹುದು. ಒಂದು ಕಡೆ ಮೇಲಿದ್ದರೆ ಇನ್ನೊಂದು ಕಡೆ ಕೆಳಗಿರಲೇಬೇಕು.

ನಕ್ಷೆಗಾರ

ಮತ್ತೆ ಆರು ಜನರ ಕಡೆಗೆ. ಆ ಆರು ಜನ ಎಷ್ಟು ಘಟಕಗಳಲ್ಲಿ ಇದ್ದಾರೆ? ಒಂದೇ ಘಟಕ ಆಗಿದ್ದರೆ, ಆರು ಜನರಲ್ಲ, ಒಬ್ಬ ಮಾಲೀಕನ ಒಂದು ತೀರ್ಮಾನ ನಿಮ್ಮ ಇಡೀ ದತ್ತಾಂಶ.

ಎಲಿಸನ್ ಮತ್ತು ಗ್ಲೇಸರ್ 1997ರಲ್ಲಿ ಹಿಡಿದದ್ದು ಇದನ್ನೇ. ಅವರ ಉದಾಹರಣೆ ಅಮೆರಿಕದ ವ್ಯಾಕ್ಯೂಮ್ ಕ್ಲೀನರ್ ಉದ್ಯಮ. ಅಲ್ಲಿನ ಸುಮಾರು ಮುಕ್ಕಾಲು ಪಾಲು ಕೆಲಸಗಾರರು ನಾಲ್ಕೇ ಕಾರ್ಖಾನೆಗಳಲ್ಲಿದ್ದರು. ಆ ನಾಲ್ಕನ್ನು ಭೂಪಟದ ಮೇಲೆ ಕಣ್ಣುಮುಚ್ಚಿ ಎಸೆದರೂ ಎಲ್ಲಿ ಬೀಳುತ್ತವೋ ಅಲ್ಲಿ ಎಲ್‌ಕ್ಯೂ ಗಗನಕ್ಕೇರುತ್ತದೆ. ಅದು ಪ್ರದೇಶದ ಗುಣವಲ್ಲ, ಕಾರ್ಖಾನೆ ದೊಡ್ಡದಾಗಿರುವುದರ ಫಲ. ಹಾಗಾಗಿ ಘಟಕಗಳ ಗಾತ್ರದಿಂದಲೇ ಬರುವ ಸಾಂದ್ರತೆಯನ್ನು ಕಳೆದು, ಉಳಿದದ್ದನ್ನು ಮಾತ್ರ ಅವರ ಸೂಚ್ಯಂಕ ಅಳೆಯುತ್ತದೆ. ಅಷ್ಟು ದೂರ ಹೋಗಲು ಎಲ್ಲರಿಗೂ ಘಟಕ ಮಟ್ಟದ ದತ್ತಾಂಶ ಸಿಗುವುದಿಲ್ಲ, ಆದರೆ ಘಟಕಗಳ ಸಂಖ್ಯೆಯ ಕಾಲಂ ಆದರೂ ಹಾಕಿಕೊಳ್ಳಿ.

ಅಂಕಿಗಣ್ಣು

ಒಂದೇ ಘಟಕ. ಹಾಗಾದರೆ ಸರಳ ಜರಡಿ ಹಾಕಿಬಿಡುತ್ತೇನೆ: ಉದ್ಯೋಗ 100ಕ್ಕಿಂತ ಕಡಿಮೆ ಇದ್ದರೆ ಅಥವಾ ಘಟಕ 3ಕ್ಕಿಂತ ಕಡಿಮೆ ಇದ್ದರೆ ಪಟ್ಟಿಯಿಂದ ಹೊರಗೆ. ಹೆಚ್ಚಿನವರು ಹೀಗೇ ಮಾಡುತ್ತಾರೆ ಅಂತ ಓದಿದ್ದೇನೆ.

ಗಡಿಯಾಚೆ

ಇಷ್ಟು ಹೊತ್ತು ಓದುತ್ತಾ ಇದ್ದೆ, ಇಲ್ಲಿ ಸುಮ್ಮನಿರಲಾಗಲಿಲ್ಲ. ಜರಡಿ ಹಾಕುವ ಮುಂಚೆ ಪಕ್ಕದ ಜಿಲ್ಲೆಗಳನ್ನು ನೋಡಿದ್ದೀರಾ?

ಕಸುಬಿಗೆ ಜಿಲ್ಲೆಯ ಗಡಿ ಗೊತ್ತಿರುವುದಿಲ್ಲ. ಮರ ಸಿಗುವ ಕಣಿವೆ, ಕಲಿಸುವ ಕುಟುಂಬಗಳು, ಬಿಡಿಭಾಗ ಕೊಡುವವರು ಇವೆಲ್ಲ ನಾಲ್ಕು ಜಿಲ್ಲೆಗಳಿಗೆ ಹಂಚಿಹೋಗಿದ್ದರೆ ಪ್ರತಿ ಜಿಲ್ಲೆಯಲ್ಲೂ ಹಿಡಿಯಷ್ಟೇ ಜನ ಕಾಣುತ್ತಾರೆ. ನಿಮ್ಮ ಜರಡಿ ನಾಲ್ಕನ್ನೂ ಎತ್ತಿ ಎಸೆಯುತ್ತದೆ. ಗಡಿ ಎಳೆದ ರೀತಿ ಬದಲಾದರೆ ಉತ್ತರವೂ ಬದಲಾಗುವ ಈ ಸಮಸ್ಯೆ ಭೂಗೋಳದವರಿಗೆ ಹಳೆಯದು. ಸಣ್ಣ ಸಂಖ್ಯೆಯನ್ನು ಬಿಸಾಡುವ ಬದಲು ಕೂಡಿ ನೋಡಿ. ಅಕ್ಕಪಕ್ಕದಲ್ಲಿ ಏನೂ ಇಲ್ಲದಿದ್ದರೆ ಆಗ ಬಿಸಾಡಿ.

ನಕ್ಷೆಗಾರ

ಒಪ್ಪುತ್ತೇನೆ, ಒಂದು ಷರತ್ತಿನ ಮೇಲೆ. ಯಾವ ಜಿಲ್ಲೆಗಳನ್ನು ಕೂಡಬೇಕು ಅಂತ ಫಲಿತಾಂಶ ನೋಡಿ ಆರಿಸಬಾರದು. ಹಾಗೆ ಆರಿಸಿದರೆ ಎಲ್ಲಿ ಬೇಕಾದರೂ ಕ್ಲಸ್ಟರ್ (ಒಂದೇ ಕಸುಬಿನ ಗುಂಪು) ಹುಟ್ಟಿಸಬಹುದು. ಗಡಿ ಹಂಚಿಕೊಂಡ ಎಲ್ಲ ಜಿಲ್ಲೆಗಳು, ಅಥವಾ ಜನ ದಿನನಿತ್ಯ ಕೆಲಸಕ್ಕೆ ಓಡಾಡುವ ವಲಯ, ಹೀಗೆ ಮೊದಲೇ ನಿಯಮ ಮಾಡಿಕೊಂಡು ಎಲ್ಲ ಉದ್ಯಮಗಳಿಗೂ ಅದೇ ನಿಯಮ ಹಚ್ಚಿ.

ಅಂಕಿಗಣ್ಣು

ಮಾಡಿದೆ. ನಿಯಮ: ಗಡಿ ತಾಗುವ ಎಲ್ಲ ಜಿಲ್ಲೆಗಳು. ಜಿಲ್ಲೆ ಅಗೆ ಅಂಥವು ಮೂರು. ನಾಲ್ಕೂ ಸೇರಿ ಒಟ್ಟು ಉದ್ಯೋಗ 26,000. ವಾದ್ಯ ತಯಾರಿಕೆಯಲ್ಲಿ ಇರಬೇಕಾದದ್ದು 2.6 ಜನ. ಇರುವುದು 47. ಘಟಕಗಳು ಏಳು. ಎಲ್‌ಕ್ಯೂ 18ರ ಮೇಲೆ. 100ರ ಜರಡಿ ಹಾಕಿದ್ದರೆ ಇದು ಕಣ್ಣಿಗೇ ಬೀಳುತ್ತಿರಲಿಲ್ಲ.

ಅದೇ ನಿಯಮವನ್ನು ಪಟ್ಟಿಯ ತುದಿಯಲ್ಲಿದ್ದ ಉಳಿದ ಪುಟ್ಟ ಜಿಲ್ಲೆಗಳಿಗೂ ಹಚ್ಚಿದೆ. ಹೆಚ್ಚಿನವು ನೆಲಕ್ಕಿಳಿದವು, ಒಂಟಿ ಕಾರ್ಖಾನೆ, ಸುತ್ತ ಏನೂ ಇಲ್ಲ.

ಹಳೇಪೆನ್ಸಿಲ್

ಚೆನ್ನಾಗಿದೆ. ಆದರೆ ನಿಮ್ಮ ದತ್ತಾಂಶದಲ್ಲಿ ಸ್ವಂತ ಉದ್ಯೋಗಿಗಳು ಇದ್ದಾರಾ? ಸಂಬಳದ ಪಟ್ಟಿಯಿಂದ ತೆಗೆದದ್ದಾದರೆ ಇರುವುದಿಲ್ಲ. ಅಮೆರಿಕದ ಆ ಕೌಂಟಿ ದತ್ತಾಂಶವೂ ನಿರುದ್ಯೋಗ ವಿಮೆಯ ದಾಖಲೆಯಿಂದ ಬರುವುದರಿಂದ ಸ್ವಂತಕ್ಕೆ ದುಡಿಯುವವರು ಅದರೊಳಗಿಲ್ಲ. ವಾದ್ಯ ಮಾಡುವಂಥ ಕಸುಬಿನಲ್ಲಿ ಮನೆಯಲ್ಲೇ ಒಬ್ಬೊಬ್ಬರೇ ಕೂತು ಕೆಲಸ ಮಾಡುವವರು ಹೆಚ್ಚಿರಬಹುದು. 47 ಅನ್ನುವುದು ಕನಿಷ್ಠ ಸಂಖ್ಯೆ ಅಂತಿಟ್ಟುಕೊಳ್ಳಿ.

ವಿದ್ಯುತ್, ತೈಲ ಶುದ್ಧೀಕರಣದಂಥ ಕಡೆ ಇದರ ಉಲ್ಟಾ. ಜನ ಕಡಿಮೆ, ಉತ್ಪನ್ನ ಅಪಾರ. ಅಲ್ಲಿ ಉದ್ಯೋಗದ ಎಲ್‌ಕ್ಯೂ ಜೊತೆ ಒಟ್ಟು ಮೌಲ್ಯವರ್ಧನೆಯ (ಉತ್ಪನ್ನದ ಬೆಲೆಯಿಂದ ಕೊಂಡ ಸಾಮಗ್ರಿಯ ಬೆಲೆ ಕಳೆದದ್ದು) ಎಲ್‌ಕ್ಯೂ ಕೂಡ ತೆಗೆಯಿರಿ. ಎರಡೂ ಬೇರೆ ಬೇರೆ ಹೇಳಿದರೆ ಗಾಬರಿಯಾಗಬೇಡಿ, ಅವು ಉತ್ತರಿಸುವ ಪ್ರಶ್ನೆಗಳೇ ಬೇರೆ.

ಸುಮ್ನೆಓದುಗ

ಕಚೇರಿಯವರು ಕೇಳಿದ್ದು ಒಂದು ರ‍್ಯಾಂಕ್ ಪಟ್ಟಿ. ನೀವೆಲ್ಲ ಸೇರಿ ಐದು ಕಾಲಂ ಕೊಟ್ಟಿರಿ. ಪಾಪ!

ಅಂಕಿಗಣ್ಣು

ರ‍್ಯಾಂಕ್ ಕೊಡುವುದಿಲ್ಲ ಅಂತ ತೀರ್ಮಾನಿಸಿದ್ದೇನೆ. ಬಬಲ್ ಚಾರ್ಟ್ ಕೊಡುತ್ತೇನೆ: ಅಡ್ಡಕ್ಕೆ ಎಲ್‌ಕ್ಯೂವಿನ ಲಾಗ್, ಉದ್ದಕ್ಕೆ ಉದ್ಯೋಗದ ಬದಲಾವಣೆ, ಗುಳ್ಳೆಯ ಗಾತ್ರ ಹೆಚ್ಚುವರಿ ಉದ್ಯೋಗ. ದೊಡ್ಡ ಜಿಲ್ಲೆಗಳಿಗೆ ಉಳಿದ ದೇಶದೊಂದಿಗಿನ ಹೋಲಿಕೆ. ಬೈದರೆ ಬೈಯಲಿ.

ಒಂದು ಗಂಟು ಉಳಿದಿದೆ. ಆ ನಾಲ್ಕು ಜಿಲ್ಲೆಗಳಲ್ಲಿ ಒಂದರ ವಾದ್ಯದ ಕೋಶದಲ್ಲಿ ಸಂಖ್ಯೆ ಇಲ್ಲ, ನಕ್ಷತ್ರ ಚಿಹ್ನೆ ಇದೆ. ಅದನ್ನು ಸೊನ್ನೆ ಅಂತ ಹಿಡಿದು 47 ಬಂದದ್ದು.

ದಶಮಾಂಶ

ನಕ್ಷತ್ರ ಅಂದರೆ ಸೊನ್ನೆ ಅಲ್ಲ ರೀ! ಒಂದೋ ಎರಡೋ ಘಟಕ ಮಾತ್ರ ಇದ್ದರೆ ಅವರ ಗುಟ್ಟು ಹೊರಬೀಳಬಾರದು ಅಂತ ಸಂಖ್ಯೆ ಮುಚ್ಚಿಟ್ಟಿರುತ್ತಾರೆ. ಅಲ್ಲಿ ಯಾರೋ ಇದ್ದಾರೆ ಅಂತಲೇ ಸಾಮಾನ್ಯವಾಗಿ ಅದರ ಅರ್ಥ. ಆ ಜಿಲ್ಲೆಯ ತಯಾರಿಕಾ ವಲಯದ ಮೊತ್ತ ಕೊಟ್ಟಿದ್ದರೆ, ಅದರಿಂದ ಸಂಖ್ಯೆ ಕಾಣುವ ಉದ್ಯಮಗಳನ್ನೆಲ್ಲ ಕಳೆಯಿರಿ. ಉಳಿಯುವುದು ಎಲ್ಲ ನಕ್ಷತ್ರಗಳ ಒಟ್ಟು ಮೊತ್ತ, ಅದು ನಿಮ್ಮ ಮೇಲ್ಮಿತಿ. ಕೆಳಮಿತಿ ಒಬ್ಬರು. ಎಲ್‌ಕ್ಯೂವನ್ನು ಎರಡೂ ತುದಿಯಿಂದ ಲೆಕ್ಕ ಹಾಕಿ, ಇಷ್ಟರಿಂದ ಇಷ್ಟರೊಳಗೆ ಅಂತ ಬರೆಯಿರಿ.

ಅಂಕಿಗಣ್ಣು

ಮೊತ್ತ ಇದೆ. ಕಳೆದರೆ 31 ಉಳಿಯುತ್ತದೆ, ನಕ್ಷತ್ರ ಇರುವ ಉದ್ಯಮಗಳು ಎರಡು, ಎರಡನೆಯದು ಮರದ ಪೆಟ್ಟಿಗೆ ತಯಾರಿಕೆ. ಅದರಲ್ಲೂ ಕನಿಷ್ಠ ಒಬ್ಬರು ಇರಲೇಬೇಕು. ಹಾಗಾದರೆ ವಾದ್ಯದವರು 48ರಿಂದ 77ರೊಳಗೆ, ಎಲ್‌ಕ್ಯೂ 18ರಿಂದ 30ರೊಳಗೆ. ಹೀಗೇ ಬರೆಯುತ್ತೇನೆ.

ಗಡಿಯಾಚೆ

ಆ ಪೆಟ್ಟಿಗೆಗಳು ಯಾವುದಕ್ಕೆ ಅಂತಲೂ ವಿಚಾರಿಸಿ. ವಾದ್ಯ ಇಡುವ ಪೆಟ್ಟಿಗೆಗಳಾಗಿದ್ದರೆ ಆ 31 ಜನರೂ ಒಂದೇ ಕಸುಬಿನವರು, ವರ್ಗೀಕರಣದವರು ಬೇರೆ ಮಾಡಿಟ್ಟಿದ್ದಾರೆ ಅಷ್ಟೇ.